ವಿರೋಧಿ ಒಸಿ ಆಚೆ ನಿಲ್ಲಬೇಕು

ದೇವರನ್ನು ನಂಬದವರಲ್ಲೂ ಎರಡು ಪಂಗಡಗಳಿವೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲನೆಯವರು ಸುಮ್ಮನೆ ನಂಬದವರು. ಅವರ ಪಾಲಿಗೆ ದೇವರಿಲ್ಲ, ಆದ್ದರಿಂದ ತಕರಾರೂ ಇಲ್ಲ. ಪ್ರಸಾದದ ಪುಳಿಯೋಗರೆ ತಿಂದು, ಕೈ ತೊಳೆದು ಮಲಗಿಬಿಡುತ್ತಾರೆ. ಎರಡನೆಯವರು ವಿರೋಧಿಗಳು. ತಾವು ನಂಬದಿದ್ದರೆ ಸಾಲದು, ನಂಬುವವರ ಮನೆ ಬಾಗಿಲಿಗೆ ಹೋಗಿ ‘ಇಲ್ಲ’ ಅಂತ ಹೇಳಿ ಬರಬೇಕು ಎನ್ನುವವರು. ನಾನು ಈ ಎರಡನೆಯ ಪಂಗಡದವನು. ಇದರಲ್ಲಿ ಏನೂ ಸುಖವಿಲ್ಲ ಸ್ವಾಮಿ. ನನ್ನ ಹೆಂಡತಿ ಜಯಮ್ಮ ಬೆಳಗ್ಗೆ ಎರಡು ನಿಮಿಷ ಕೈಮುಗಿದು, ದೇವರನ್ನು ಅಲ್ಲೇ ಮರೆತು ಅಡುಗೆಮನೆ ಸೇರುತ್ತಾಳೆ. ಇಡೀ ದಿನ ಅವನನ್ನು ನೆನೆದು ಹಲ್ಲು ಕಡಿಯುವವನು ನಾನು. ರಾಮನಗರದಿಂದ ಬಿಡದಿಗೆ ಹೋಗುವ ನಮ್ಮ ಫ್ಯಾಕ್ಟರಿ ಬಸ್ಸಿನ ಡ್ರೈವರ್ ಗುಡಿ ಕಂಡಲ್ಲೆಲ್ಲ ಎದೆ ಮುಟ್ಟಿಕೊಳ್ಳುತ್ತಾನೆ. ದಾರಿಯಲ್ಲಿ ಎಷ್ಟು ಗುಡಿಗಳಿವೆ ಅಂತ ಅವನನ್ನು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ನನಗೆ ಕರಾರುವಾಕ್ಕಾಗಿ ಗೊತ್ತು. ಒಂದೊಂದಕ್ಕೂ ನಾನು ಮುಖ ತಿರುಗಿಸಬೇಕಲ್ಲ!

ಫ್ಯಾಕ್ಟರಿಯಲ್ಲಿ ನಾನು ಇನ್ಸ್‌ಪೆಕ್ಷನ್ ವಿಭಾಗದವನು. ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿಲ್ಲದ್ದನ್ನು ಕೆಂಪು ಡಬ್ಬಕ್ಕೆ ಹಾಕುವುದು ನನ್ನ ಕೆಲಸ. ಒಂದು ಆಯುಧಪೂಜೆಗೆ ಜೊತೆಯವರು ನನ್ನ ಮೈಕ್ರೋಮೀಟರಿಗೆ ಕುಂಕುಮ ಹಚ್ಚಲು ಬಂದಾಗ, ಅಳತೆ ಕೆಡುತ್ತದೆ ಅಂತ ರಂಪ ಮಾಡಿದೆ. ಮಾರನೆಯ ವರ್ಷ ಪುಣ್ಯಾತ್ಮರು ಮೈಕ್ರೋಮೀಟರ್ ಬಿಟ್ಟು ನನ್ನ ಹಣೆಗೇ ಹಚ್ಚಿ ಮಂಗಳಾರತಿ ಎತ್ತಿದರು.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಪೇಚಿಗೆ ಸಿಕ್ಕಿದ್ದು ಮಗಳು ಸವಿತಾಳ ಮದುವೆಯ ಮಾತು ಬಂದಾಗ. ಹುಡುಗ ಮಹೇಶ, ಬಿಡದಿಯಲ್ಲೇ ಪಕ್ಕದ ಫ್ಯಾಕ್ಟರಿಯಲ್ಲಿ ಕೆಲಸ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ನಾನು ಅಳೆದು ನೋಡಿದ ಮಟ್ಟಿಗೂ ಕೆಂಪು ಡಬ್ಬಕ್ಕೆ ಹಾಕುವಂಥ ಹುಡುಗನಲ್ಲ. ಆದರೆ ಕೋಡಿಹಳ್ಳಿ ಕಡೆಯ ಅವನ ಅಜ್ಜಿ ಪುಟ್ಟತಾಯಮ್ಮ ಒಂದೇ ಪಟ್ಟು ಹಿಡಿದರು. “ಅಮ್ಮನ್ನ ಹೂ ಕೇಳ್ದೆ ನಮ್ಮನೇಗೆ ಒಂದು ಎಮ್ಮೆನೂ ತಂದಿಲ್ಲ ಕಣಪ್ಪಾ. ಇನ್ನು ಸೊಸೆ ತಂದ್ಬುಡಕಾಯ್ತದಾ?” ಪೂಜಾರಿ ಊರಮ್ಮನ ಮೂರ್ತಿಗೆ ಒದ್ದೆ ಹೂ ಅಂಟಿಸುತ್ತಾನೆ. ಅಮ್ಮನ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಸಂಬಂಧ ಬೇಡ. ಬೀಳದೇ ಹೋದರೂ ಬೇಡ ಅಂತಲೇ ಅರ್ಥ. ನನ್ನ ಮಗಳ ಬಾಳನ್ನು ಒಂದು ಕಣಗಿಲೆ ಹೂ ತೀರ್ಮಾನಿಸಬೇಕೇ ಎಂದು ನಾನು ಕೆಂಡವಾದೆ. ಸವಿತಾ ಹತ್ತಿರ ಬಂದು, “ಅಪ್ಪ, ಒಂದೇ ಒಂದಿನ ಸುಮ್ನಿರು. ನನಗೋಸ್ಕರ” ಅಂದಳು. ಆಯ್ತು ಅಂದೆ.

ಅನ್ನುವುದು ಸುಲಭ. ಗುಡಿಯೊಳಗೆ ಕೂತಾಗ ನನ್ನ ಎದುರಿಗೇ ಒಂದು ಟೇಬಲ್ ಫ್ಯಾನ್ ಬುರ್ರೆಂದು ತಿರುಗುತ್ತಿತ್ತು. ಪೂಜಾರಿ ಸಿದ್ದಪ್ಪನಿಗೆ ಸೆಕೆ ಆಗುತ್ತಿತ್ತಂತೆ. ಅವನು ಹೂ ಅಂಟಿಸಿದ್ದೇ ತಡ, ನನ್ನೊಳಗಿನ ಇನ್ಸ್‌ಪೆಕ್ಷನ್ನಿನವನು ಎದ್ದು ಕೂತ. “ಒಂದ್ನಿಮಿಷ. ಹೂ ಬಿದ್ರೆ, ಬೀಳಿಸಿದ್ದು ಅಮ್ಮನೋ ಫ್ಯಾನೋ?” ಅಂದೆ. ಜಯಮ್ಮ ನನ್ನ ತೊಡೆ ಜಿಗುಟಿದಳು. ಸಿದ್ದಪ್ಪ ಒಳ್ಳೆಯ ಮನುಷ್ಯ. “ಆರಿಸಿದ್ರಾಯ್ತು ಬುಡಿ” ಅಂತ ಫ್ಯಾನ್ ಆರಿಸಿದ. ಸುಮ್ಮನಾದೆನೇ? ಬಾಗಿಲಿನಿಂದ ಗಾಳಿ ಬರುತ್ತೆ ಅಂತ ಎರಡೂ ಕದ ಹಾಕಿಸಿದೆ. ಸೆರಗಿನ ಗಾಳಿ ತಗಲುತ್ತೆ ಅಂತ ಹೆಂಗಸರನ್ನೆಲ್ಲ ಗೋಡೆಗೆ ಒರಗಿಸಿದೆ. ಇಷ್ಟು ಶುದ್ಧವಾದ ಪರೀಕ್ಷೆ ನಮ್ಮ ಫ್ಯಾಕ್ಟರಿಯಲ್ಲೂ ನಡೆದಿರಲಿಲ್ಲ.

ಹೂ ಬೀಳಲಿಲ್ಲ. ಹತ್ತು ನಿಮಿಷ ಆಯಿತು, ಅರ್ಧ ಗಂಟೆ ಆಯಿತು. ಗಾಳಿಯೇ ಆಡದ ಗುಡಿಯಲ್ಲಿ ನಾವೆಲ್ಲ ಇಡ್ಲಿಯ ಹಾಗೆ ಬೇಯುತ್ತಿದ್ದೆವು. “ಯಾಕೋ ಅಮ್ಮ ಬಾಯೇ ಬುಡ್ತಿಲ್ವಲ್ಲಾ” ಎಂದು ಪುಟ್ಟತಾಯಮ್ಮ ಏಳಲು ಮೊಣಕಾಲಿಗೆ ಕೈ ಊರಿದರು. ಅವರು ಎದ್ದರೆ ಸಂಬಂಧ ಮುರಿದ ಹಾಗೆ. ನಾನು ಸವಿತಾಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನನಗೆ ನಿಜವಾಗಿ ಭಯವಾಯಿತು. ಫ್ಯಾನ್ ತಿರುಗುತ್ತಿದ್ದರೆ ಹೂ ಯಾವ ಕಡೆಗೋ ಬೀಳುತ್ತಿತ್ತು, ಅರ್ಧ ಆಸೆಯಾದರೂ ಇರುತ್ತಿತ್ತು. ಅದನ್ನೂ ನಾನೇ ಆರಿಸಿ ಕೂತಿದ್ದೆ.

ಸಿದ್ದಪ್ಪ ಗಂಟಲು ಸರಿಮಾಡಿಕೊಂಡ. “ಇನ್ಸ್‌ಪೆಕ್ಟ್ರೇ, ಬೇಜಾರ್ ಮಾಡ್ಕಬ್ಯಾಡಿ. ಅಮ್ಮಂಗೆ ಯಾಕೋ ಸಂಕೋಚ ಆಗೈತೆ. ತಾವು ಒಸಿ ಆಚೆ ನಿಂತ್ಕಳಿ.”

ಬೇರೆ ದಿನವಾಗಿದ್ದರೆ ಒಂದು ಗಂಟೆ ಭಾಷಣ ಬಿಗಿಯುತ್ತಿದ್ದೆ. ಆವತ್ತು ವಾದಕ್ಕಿಳಿಯದೆ ಎದ್ದು ಹೋಗಿ ಒಂದು ಕದ ತೆರೆದೆ. ಹೊರಗಿನ ಹೊಲದ ಗಾಳಿ ಭರ್ರೆಂದು ಒಳಗೆ ನುಗ್ಗಿತು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ಗಂಟೆ ಮೊಳಗಿತು. “ಬಲಕ್ಕೆ! ಬಲಕ್ಕೆ ಕೊಟ್ಬುಟ್ಳು ನನ್ನವ್ವ!” ಎಂದು ಪುಟ್ಟತಾಯಮ್ಮ ಕೂಗಿದರು.

ಹೂ ಬೀಳಿಸಿದ್ದು ಗಾಳಿ ಎಂದು ಆ ಗುಡಿಯಲ್ಲಿ ತಿಳಿದಿದ್ದವನು ನಾನೊಬ್ಬನೇ. ಹೇಳಬೇಕೆಂದು ತಿರುಗಿ ಬಾಯಿ ತೆರೆದೆ. ಒಳಗೆ ಸವಿತಾ ಅಳುತ್ತಾ ನಗುತ್ತಿದ್ದಳು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ. ವಿರೋಧಿ ಅಂದರೆ ಸುಮ್ಮನಿರಲಾಗದವನು ಎಂದು ಜೀವಮಾನವೆಲ್ಲ ಸಾರಿಕೊಂಡು ಬಂದವನು, ಮಗಳ ಮುಖ ನೋಡಿ ಸುಮ್ಮನಾದೆ.

ಮದುವೆ ಚೆನ್ನಾಗಿ ಆಯಿತು. ಆದರೆ ನನ್ನ ಕಷ್ಟ ಮುಗಿಯಲಿಲ್ಲ. ಇನ್ಸ್‌ಪೆಕ್ಟ್ರು ಎದ್ದು ಆಚೆ ಹೋದರೆ ಅಮ್ಮ ತಟ್ಟನೆ ಬಲಕ್ಕೆ ಕೊಡುತ್ತಾಳೆ ಎಂದು ಸುತ್ತಲ ಹಳ್ಳಿಗಳಲ್ಲೆಲ್ಲ ಸುದ್ದಿಯಾಗಿದೆ. ಈಗ ಯಾರ ಮನೆಯಲ್ಲಿ ಮದುವೆಯ ಮಾತು ಬಂದರೂ ನನ್ನ ಮೊಬೈಲಿಗೆ ಸಿದ್ದಪ್ಪನ ಫೋನು. “ಬಂದು ಒಸಿ ಒಳಗೆ ಕೂತಿದ್ದು, ಆಮೇಲೆ ಎದ್ದೋಗ್ಬುಡಿ, ಅಷ್ಟೇಯ.” ನಾನು ಹಾಕಿದ್ದ ಷರತ್ತುಗಳು ಈಗ ಶಾಸ್ತ್ರವಾಗಿವೆ. ಫ್ಯಾನ್ ಆರಿಸುತ್ತಾರೆ, ಕದ ಹಾಕುತ್ತಾರೆ, ಹೆಂಗಸರು ತಾವಾಗಿಯೇ ಗೋಡೆಗೆ ಒರಗುತ್ತಾರೆ. ಬೇಡ ಅನ್ನಬಹುದು ನಾನು. ಆದರೆ ಯಾವ ಕದ ತೆರೆದರೆ ಹೂ ಬಲಕ್ಕೆ ಬೀಳುತ್ತದೆ ಎನ್ನುವುದು ಗೊತ್ತಿರುವವನು ನಾನೊಬ್ಬನೇ; ಹೇಳಿದ್ದು ಜಯಮ್ಮನಿಗೆ ಮಾತ್ರ. ಒಬ್ಬರನ್ನೊಬ್ಬರು ಒಪ್ಪಿಕೊಂಡ ಹುಡುಗ ಹುಡುಗಿಯನ್ನು ನೆನೆಸಿಕೊಂಡು ಹೋಗಿಬರುತ್ತೇನೆ.

ಮೊನ್ನೆ ಹೀಗೇ ಹೊರಟಿದ್ದಾಗ ಜಯಮ್ಮ ಕೇಳಿದಳು. “ಅಲ್ರೀ, ಸವಿತಾಗೆ ಹೂ ಕೇಳಿದ ದಿನ ಆ ಕದಾನೇ ತೆಗೀಬೇಕು ಅಂತ ನಿಮಗೆ ಗೊತ್ತಿತ್ತಾ?”

“ಇಲ್ಲ ಕಣೇ. ಕೈಗೆ ಸಿಕ್ಕಿದ್ದು ತೆಗೆದೆ. ಎಲ್ಲ ಗಾಳಿ.”

“ತೆಗೆಯೋಕೆ ಮುಂಚೆ ಏನೋ ಗೊಣಗಿದ್ರಲ್ಲ?”

“ಏನೂ ಇಲ್ಲ” ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿಗೆ ನಡೆದುಬಿಟ್ಟೆ. ಓದುಗರ ಹತ್ತಿರ ಮುಚ್ಚುಮರೆ ಯಾಕೆ? ಕದದ ಮೇಲೆ ಕೈಯಿಟ್ಟು ನಾನು ಗೊಣಗಿದ್ದು, “ಬಲಕ್ಕೇ ಬೀಳಿಸು ನನ್ನವ್ವಾ” ಅಂತ. ಗಾಳಿಗೆ ಹೇಳಿದ್ದು ಅಂತ ಇವತ್ತಿಗೂ ವಾದಿಸುತ್ತೇನೆ. ಆದರೆ ಹುಟ್ಟಿದಾಗಿನಿಂದ ನಾನು ಗಾಳಿಯನ್ನು ಅವ್ವ ಅಂದದ್ದು ಅದೊಂದೇ ಸಲ.