ನಲವತ್ತೆಂಟನೆಯ ಗುಂಡುಸೂಜಿ

ಈ ಮನೆಯಲ್ಲಿ ಒಂದು ಕೆಲಸವಾದರೂ ಮೊದಲೇ ಯೋಚಿಸಿ, ಅಚ್ಚುಕಟ್ಟಾಗಿ ನಡೆಯುತ್ತದೆಂದು ತೋರಿಸಿಯೇ ತೀರುತ್ತೇನೆ! ಹೀಗೆಂದು ಘೋಷಿಸಿ, ನಡುಮನೆಯ ಗೋಡೆಗೆ ಆಳೆತ್ತರದ ಫ್ಲಾನೆಲ್ ಬಟ್ಟೆ ಬಡಿದೆ. ಇದು ನನ್ನ ಡಿಸೈನ್ ಗೋಡೆ! ಹತ್ತು ತಿಂಗಳ ನಮ್ಮ ಗುಂಡನಿಗೆ ಗಿಡ್ಡವಾದ ಅಂಗಿಗಳನ್ನೆಲ್ಲ ಕತ್ತರಿಸಿ ಕೌದಿ ಹೊಲಿಯುವ ಮಹಾಯೋಜನೆ. ನಲವತ್ತೆಂಟು ಚೌಕಗಳನ್ನು ಗೋಡೆಯ ಮೇಲೆ ಜೋಡಿಸಿ, ದೂರ ನಿಂತು ನೋಡಿ, ಬಣ್ಣ ಹೊಂದಿಸಿ, ಆಮೇಲೆ ಹೊಲಿಗೆ.

"ನೆಲದ ಮೇಲೆ ಹರಡ್ಕೊಂಡ್ರೆ ಆಗಲ್ವಾ?" ಎಂದರು ಯಜಮಾನರು.

"ನೆಲದ ಮೇಲೆ ನಿಮ್ಮ ಮಗ ಇದ್ದಾನಲ್ಲ ರೀ!"

ಫ್ಲಾನೆಲ್‌ಗೆ ಬಟ್ಟೆ ತಾನಾಗಿಯೇ ಅಂಟಿಕೊಳ್ಳುತ್ತದೆ ಎಂದಿದ್ದ ಅಂಗಡಿಯವನು. ಅಂಟಿಕೊಂಡಿತು ಕೂಡ, ಯಜಮಾನರು ಫ್ಯಾನ್ ಹಾಕುವವರೆಗೆ! ನಲವತ್ತೆಂಟೂ ಹಾರಿ ಅಡುಗೆಮನೆಯವರೆಗೆ ಹೋದವು. ಸರಿ, ಒಂದೊಂದಕ್ಕೂ ಒಂದೊಂದು ಗುಂಡುಸೂಜಿ ಎಂದು ಎಣಿಸಿ ತೆಗೆದೆ. ಎಣಿಸುವುದರಲ್ಲಿ ನಾನು ಎತ್ತಿದ ಕೈ; ಗುಂಡ ದಿನಕ್ಕೆ ಎಷ್ಟು ಸಲ ಸೀನುತ್ತಾನೆಂಬುದೂ ನನಗೆ ಬಾಯಿಪಾಠ.

ಕೊನೆಯ ಚೌಕಕ್ಕೆ ಬಂದಾಗ ಸೂಜಿಯೇ ಇಲ್ಲ! ಗೋಡೆಯಲ್ಲಿ ನಲವತ್ತೇಳು. ಕೆಳಗೆ ನೋಡಿದರೆ ಗುಂಡ ಬಾಯಿ ಚಪ್ಪರಿಸುತ್ತ ನಗುತ್ತಿದ್ದಾನೆ.

"ಅಯ್ಯೋ, ಗುಂಡನ ಹೊಟ್ಟೆಗೆ ಗುಂಡುಸೂಜಿ ಹೋಯ್ತು ಕಣ್ರೀ!"

"ಚಾಪೆ ಕೆಳಗೆ ನೋಡಿದ್ಯಾ?"

"ಚಾಪೆ, ಸೋಫಾ, ಕಸದ ಬುಟ್ಟಿ, ನಿಮ್ಮ ಚಪ್ಪಲಿ, ಎಲ್ಲ ಜಾಲಾಡಿದೆ. ನಿಂತ್ಕೊಂಡು ಪ್ರಶ್ನೆ ಕೇಳ್ಬೇಡಿ, ಗಾಡಿ ತೆಗೀರಿ!"

ಆಸ್ಪತ್ರೆಯ ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ, ಗುಂಡ ಕೇಕೆ ಹಾಕುತ್ತಿದ್ದ. ಅವನು ನಕ್ಕಷ್ಟೂ ನನಗೆ ದಿಗಿಲು: ಸೂಜಿ ಒಳಗಿನಿಂದ ಕಚಗುಳಿ ಇಡುತ್ತಿದೆಯೇನೋ!

ಎಕ್ಸ್‌ರೇ ತೆಗೆಯುವಾಗ ಅವನು ಒದ್ದಾಡದಂತೆ ನಾನೇ ಎರಡೂ ಕೈಯಲ್ಲಿ ಹಿಡಿದು ನಿಂತೆ.

"ಉಂಗುರ, ಬಳೆ ಎಲ್ಲ ತೆಗೆದಿಟ್ರಾ?" ಎಂದ ಯಂತ್ರದ ಹುಡುಗ.

"ಎಲ್ಲ ತೆಗೆದೆ, ಬೇಗ ಮಾಡಿ!"

ಚಿತ್ರ ಬಂತು. ಕಪ್ಪು ಹಾಳೆಯ ಮೇಲೆ ಬೆಳ್ಳಗೆ, ತಲೆಸಮೇತ, ಒಂದು ಗುಂಡುಸೂಜಿ! ಒಂದು ಕೌದಿಯ ಆಸೆಗೆ ಹೆತ್ತ ಮಗುವನ್ನೇ ಸೂಜಿಡಬ್ಬಿ ಮಾಡಿಬಿಟ್ಟೆನಲ್ಲ!

"ಆಪರೇಷನ್ ಆಗ್ಬೇಕಾ ಡಾಕ್ಟ್ರೇ?" ಎಂದು ಬಿಕ್ಕಿದೆ.

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಚಿತ್ರ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮಗು ಹೊಟ್ಟೇಲಿ ಗಾಳಿ ಬಿಟ್ರೆ ಏನೂ ಇಲ್ಲಮ್ಮಾ. ಈ ಸೂಜಿ ಇರೋದು ಮಗೂನ ಹಿಡ್ಕೊಂಡಿರೋ ಕೈ ಹತ್ರ."

ನನ್ನ ಅಂಗಿಯ ತೋಳಿನಲ್ಲಿ, ಮೊಣಕೈಗಿಂತ ಚೂರು ಕೆಳಗೆ, ನಲವತ್ತೆಂಟನೆಯದು ಮಿನುಗುತ್ತಿತ್ತು. ಬೇಕಾದಾಗ ಥಟ್ಟನೆ ಕೈಗೆ ಸಿಗಲೆಂದು ನಾನೇ ಸಿಕ್ಕಿಸಿಕೊಂಡಿದ್ದೆ!

ಮನೆಗೆ ಬಂದವಳೇ ಗೋಡೆಯ ಸೂಜಿಗಳನ್ನೆಲ್ಲ ಕಿತ್ತು, ಮೂರು ಸಲ ಎಣಿಸಿ, ಡಬ್ಬಿಗೆ ಹಾಕಿ ಕಪಾಟಿಗೆ ಬೀಗ ಜಡಿದೆ. ಚೌಕಗಳು ಮೂಟೆ ಸೇರಿದವು. ಗುಂಡನನ್ನು ಮಲಗಿಸಿ ಬಂದು ನೋಡುತ್ತೇನೆ, ಬೋಳು ಫ್ಲಾನೆಲ್‌ನ ನಟ್ಟನಡುವೆ, ಗುಂಡನಿಗೆ ಎಟುಕದ ಎತ್ತರದಲ್ಲಿ, ಆ ಎಕ್ಸ್‌ರೇ ನೇತಾಡುತ್ತಿದೆ! ಚುಚ್ಚಿದ್ದು, ಆಸ್ಪತ್ರೆಯಲ್ಲಿ ಯಜಮಾನರು ನನ್ನ ತೋಳಿನಿಂದ ಕಿತ್ತಿಟ್ಟುಕೊಂಡಿದ್ದ ಅದೇ ನಲವತ್ತೆಂಟನೆಯ ಸೂಜಿಯಿಂದ.

ಯಜಮಾನರು ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರು.

"ಡಿಸೈನ್ ಚೆನ್ನಾಗಿ ಬಂದಿದೆ ಕಣೇ. ಫ್ಯಾನ್ ಹಾಕ್ಲಾ?"