ಶುಕ್ರಾರ ಡಬ್ಬಿ ಕೊಡೂದಿಲ್ಲ

ನೆಟ್ಟಿನ ಕಂಪನಿಯವರ ಜೋಡಿ ಜಗಳ ಇಲ್ಲದ ಒಂದ ತಿಂಗಳ ಕಳದೇತಿ ಅಂದ್ರ, ಆ ತಿಂಗಳ ನನಗ ಜ್ವರ ಬಂದಿರಬೇಕು, ಇಲ್ಲಾ ಅವರ ಫೋನ್ ಕೆಟ್ಟಿರಬೇಕು. ನಾ ಜಗಳಗಂಟಿ ಅಲ್ರಿ. ಗೋಕಾಕದಾಗ ನಮ್ಮ ಗಲ್ಲಿಯವರನ್ನ ಯಾರನ್ನರ ಕೇಳ್ರಿ. ಆದ್ರ ಆ ಕಂಪನಿ ಬಿಲ್ಲ ಬಂತಂದ್ರ ನನ್ನ ಬಾಯಿ ನನ್ನ ಮಾತ ಕೇಳೂದಿಲ್ಲ.

ನಾ ಹೊಲಿಗಿ ಕಲಸ್ತೇನಿ. ಮೊದ್ಲ ನಮ್ಮ ಪಡಸಾಲ್ಯಾಗ ಕಲಸ್ತಿದ್ನಿ. ಮೂಡಲಗಿ ಕಡೆಯವರು, ಹುಕ್ಕೇರಿ ಕಡೆಯವರು ದಿನಾ ಬಸ್ ಹತ್ತಿ ಬರಾಕ ಆಗೂದಿಲ್ರಿ ಅಕ್ಕಾರ, ಮೊಬೈಲ್‌ನ್ಯಾಗ ಕಲಸ್ರಿ ಅಂದ್ರು. ಹಂಗಂತ ಮನಿಗಿ ನೆಟ್ ಹಾಕಿಸಿದ್ವಿ. ಸಂಜೀಕ ಕ್ಲಾಸು. ನಾ ಇಲ್ಲಿ ಕತ್ತರಿ ಆಡಸ್ತೇನಿ, ಅವರು ಅಲ್ಲಿ ಆಡಸ್ತಾರ. ಚಿತ್ರ ಛಲೋ ಕಂಡ್ರ ಕುಬಸ ಆಗತೈತಿ, ಕಾಣಲಿಲ್ಲಂದ್ರ ಅರಿವಿ ಚಿಂದಿ ಆಗತೈತಿ. ನನ್ನ ಹೆಸರೂ ಅದರ ಜೋಡಿ ಹೋಗತೈತಿ.

ಬುರುಗಿನ ಸಹಿ

ಕಂಪನಿಯಿಂದ ಬಂದಾಂವ ಟಾಯ್ ಕಟ್ಟಿದ್ದ. ನಮ್ಮ ಮನಿಯವರು ಮೂಡಲಗಿ ಹೈಸ್ಕೂಲಿನ್ಯಾಗ ಮಾಸ್ತರು, ಮುಂಜಾನೆ ಬಸ್ಸಿನ ಗಡಿಬಿಡಿ. ಕನ್ನಡಿ ಮುಂದ ನಿಂತು ದಾಡಿ ಮಾಡ್ಕೊಳಾಕತ್ತಿದ್ರು. ಟಾಯ್‌ನಾಂವ ಮೊಬೈಲ್ ಮುಂದ ಹಿಡದು, "ಸರ್, ಇಲ್ಲೊಂದ ಸಹಿ. ಬೆರಳ್ಲೆ ಎಳದ್ರ ಸಾಕ್ರಿ" ಅಂದ. ಇವರು ಸಾಬಾಣದ ಬೆರಳ್ಲೆ ಎಳದ್ರು. ಏನ ಬರದೈತಿ ಅಂತ ಒಂದ ಮಾತ ಕೇಳಲಿಲ್ಲ. ಪರೀಕ್ಷಾದಾಗ ಪ್ರಶ್ನಿ ಓದದ ಉತ್ತರ ಬರದ್ರ ಹುಡುಗರ ಕಿವಿ ಹಿಂಡೂ ಮನಷ್ಯಾರು ಇವರು.

ತಿಂಗಳಿಗಿ ಬಿಲ್ಲ ಬಂತು. ನೆಟ್ಟಿನ ರೊಕ್ಕ ಇತ್ತು, ಸರಿ. ಅದರ ಕೆಳಗ ಟೀವಿ ಚಾನಲ್ಲು, ಅದರ ಕೆಳಗ ಸಿನಿಮಾ, ಅದರ ಕೆಳಗ ಮನಿ ಫೋನಿನ ಬಾಡಿಗಿ. ನಮ್ಮ ಮನ್ಯಾಗ ಆ ಫೋನ ಇಲ್ಲ. ಇಲ್ಲದ ಫೋನಿಗಿ ಬಾಡಿಗಿ ಯಾಕ ಅಂತ ಕಂಪನಿಯವರನ್ನ ಕೇಳಿದ್ನಿ. "ಒಪ್ಪಂದದಲ್ಲಿ ಇದೆ ಮೇಡಂ. ನಿಮ್ಮವರೇ ಸಹಿ ಮಾಡಿದ್ದಾರೆ" ಅಂದ್ರು. ಆ ಕಾಗದ ಕಳಸ್ರಿ ನೋಡೂಣು ಅಂದ್ನಿ. ಕಳಿಸಿದ್ರು.

ಕೆಳಗ ಸಹಿ ಅಂತ ಒಂದ ಗೆರಿ ಹರದಾಡಿತ್ತು, ಸುತ್ತಲೂ ಚುಕ್ಕಿ ಚುಕ್ಕಿ. ನಮ್ಮ ಮನಿಯವರ ಮುಂದ ಹಿಡದ್ನಿ. ಅವರು ಕನ್ನಡಕ ಹಾಕ್ಕೊಂಡು ಬಾಳ ಹೊತ್ತ ನೋಡಿ, "ಗೆರಿ ನಂದ ಐತಿ, ಚುಕ್ಕಿ ಸಾಬಾಣದ್ದು" ಅಂದ್ರು.

ಬೆನ್ನಿಲ್ಲದ ಕುಬಸ

ಬಿಲ್ಲ ತುಂಬಿದ್ವಿ. ಬ್ಯಾರೆ ಏನ ಮಾಡೂದು. ಆದ್ರ ತಿಂಗಳ ಅರ್ಧಾ ಆಗೂದ್ರಾಗ ನೆಟ್ಟು ಕುಂಟಾಕ ಹತ್ತಿತು. ಕೇಳಿದ್ರ ಅದೂ ಒಪ್ಪಂದದಾಗ ಐತೆಂತ. ಇಷ್ಟು ನೆಟ್ಟು ಬಳಸಿದ ಮ್ಯಾಲ ಜೋರ ಕಮ್ಮಿ ಆಗತೈತೆಂತ. ನಾ ಬಳಸಿದ್ದು ಕ್ಲಾಸಿಗಿ. ಬೇಡದ ಸಿನಿಮಾದ ರೊಕ್ಕ ನಂದು, ಬೇಕಾದ ಕ್ಲಾಸು ನಿಂತದ್ದೂ ನಂದು.

ಒಂದಿನ ಕುಬಸದ ಬೆನ್ನಿನ ಭಾಗ ಕತ್ತರಸೂದು ತೋರಸಾಕತ್ತಿದ್ನಿ. ಚಿತ್ರ ನಿಂತ ಬಿಟ್ಟಿತು. ನನಗ ಗೊತ್ತಿಲ್ಲ, ನಾ ಒಬ್ಬಾಕಿನ ಮಾತಾಡ್ಕೊಂತ ಬೆನ್ನ ಮುಗಿಸಿ ತೋಳಿಗಿ ಬಂದಿದ್ನಿ. ನೆಟ್ಟು ಹೊಳ್ಳಿ ಬಂದಾಗ, ಕಲಿಯಾವರಾಗ ಮಸಗುಪ್ಪಿ ಊರಾಕಿ ಒಬ್ಬಾಕಿ ನೋಡಿದ್ದು ತೋಳು. ಆಕಿ ಎದುರಿಗಿದ್ದ ಅರಿವಿ ಬೆನ್ನಿಂದು. ಅಕ್ಕಾರು ಏನ ಮಾಡ್ತಾರ ಅದನ್ನ ಮಾಡಬೇಕಂತ ಆಕಿ ಬೆನ್ನಿನ ಅರಿವ್ಯಾಗ ತೋಳ ಕತ್ತರಿಸಿದ್ಲು. ಅದೂ ಎಂಥಾ ಅರಿವಿ, ತಂಗಿ ಲಗ್ನಕ್ಕ ತಂದ ರೇಷ್ಮಿ ಖಣ.

ಮರದಿನಾ ಫೋನ್ ಮಾಡಿದ್ಲು. "ಅಕ್ಕಾರ, ಕುಬಸಕ್ಕ ತೋಳ ನಾಕ ಆಗ್ಯಾವ್ರಿ, ಬೆನ್ನ ಇಲ್ರಿ."

ನಾ ಗಾಬರ್ಯಾಗಿ, "ಯವ್ವಾ, ಈಗ ಬೆನ್ನ ತಗದ ಕುಬಸದ ಫ್ಯಾಶನ್ ಐತಲ್ಲ, ಹಂಗ ಅಂತ ಹೇಳಾಕ ಬರೂದಿಲ್ಲೇನ" ಅಂದ್ನಿ.

"ಹೇಳೇನ್ರಿ. ನಮ್ಮ ಅವ್ವ ನೋಡಿ, ನಿಮ್ಮ ಅಕ್ಕಾರನ್ನ ಕರಕೊಂಡ ಬಾ, ಅವರ ಬೆನ್ನಿಗೊಂದ ಫ್ಯಾಶನ್ ಮಾಡ್ತೇನಿ ಅನ್ನಾಕತ್ತಾಳ್ರಿ."

ಆ ಖಣದ ರೊಕ್ಕ ನಾ ಕೊಟ್ನಿ. ಆದ್ರ ಹುಕ್ಕೇರಿಯವರು ಇಬ್ಬರು, ಹಿಂಗ ಆದ್ರ ನಾವು ಬ್ಯಾರೆ ಕಡೆ ಕಲೀತೇವ್ರಿ ಅಂದ್ರಲ್ಲ, ಅದು ಮನಸಿಗಿ ಹತ್ತಿತು. ಇಷ್ಟ ವರ್ಷ ಕೂಡಿಸಿದ ಹೆಸರು. ನಮ್ಮ ಗಲ್ಲಿ ಕೇಬಲ್‌ನಾಂವನ್ನ ಕರದ್ನಿ. ಅಂವ, "ಬರೇ ನೆಟ್ಟ ಕೊಡ್ತೇನ್ರಿ, ಕ್ಲಾಸಿನ್ಯಾಗ ನಿಂದ್ರೂದಿಲ್ಲ. ಆದ್ರ ಹಳೇ ಕಂಪನಿಗಿ ಡಬ್ಬಿ ಹೊಳ್ಳಿ ಕೊಟ್ಟ ಚೀಟಿ ತೋರಸ್ರಿ. ಇಲ್ಲಂದ್ರ ಅವರು ನನ್ನ ಜೋಡಿ ಜಗಳಕ್ಕ ಬರ್ತಾರ" ಅಂದ. ಡಬ್ಬಿ ಅಂದ್ರ ಕಂಪನಿಯವರು ಗ್ವಾಡಿಗಿ ಬಡದು ಹೋಗಿದ್ದ, ಮಿಣಿಮಿಣಿ ದೀಪದ್ದು. ಅದೊಂದ ಹೊಳ್ಳಿ ಕೊಟ್ರ ನನ್ನ ಕ್ಲಾಸ ಉಳೀತಿತ್ತು. ಕೊಡೂದು ಏನ ದೊಡ್ಡ ಕೆಲಸ ಅಂದ್ಕೊಂಡಿದ್ನಿ.

ನಿಮ್ಮ ಕೋಪ ನಮಗೆ ಅರ್ಥವಾಗುತ್ತದೆ

ಬಂದ್ ಮಾಡ್ರಿ ಅಂತ ಹೇಳಾಕ ಫೋನ್ ಹಚ್ಚಿದ್ನಿ. ಹೊಸಾದು ಬೇಕಂದ್ರ ಒಂದ ಒತ್ತಿದ್ರ ಮುಗೀತು, ಮನಷ್ಯಾ ಬರ್ತಾನ. ಬಿಡ್ತೇನಿ ಅಂದ್ರ ಹಾಡ ಕೇಳಸ್ತಾರ. ಹಾಡ ಕೇಳಿ ಕೇಳಿ ಹಿಟ್ಟ ನಾದಿ ರೊಟ್ಟಿ ಬಡದ್ನಿ. ಕಡೀಕ ಒಂದ ಗಂಡಸಿನ ಧ್ವನಿ ಬಂತು, ಸಕ್ರಿ ಹಾಕಿದಂಗ.

"ನಮಸ್ಕಾರ ಮೇಡಂ. ನಮ್ಮನ್ನು ಬಿಟ್ಟು ಹೋಗಲು ಕಾರಣ ತಿಳಿಯಬಹುದೇ?"

ಕಾರಣ ಎಲ್ಲಾ ಹೇಳಿದ್ನಿ. ಬುರುಗಿನಿಂದ ಹಿಡದು ಬೆನ್ನಿನ ತನಕ.

"ನಿಮ್ಮ ಕೋಪ ನಮಗೆ ಅರ್ಥವಾಗುತ್ತದೆ ಮೇಡಂ. ಇದಕ್ಕಿಂತ ದೊಡ್ಡ ಪ್ಲಾನ್ ತೆಗೆದುಕೊಂಡರೆ ತೊಂದರೆ ಇರುವುದಿಲ್ಲ."

ನನ್ನ ನೆತ್ತಿ ಕಾದು ಹೋತು. "ಅರ್ಥ ಆದ್ರ ಬಿಲ್ಲ ನೀ ತುಂಬತೀಯೇನೋ? ಮನ್ಯಾಗ ಅಕ್ಕ ತಂಗಿ ಅದಾರಿಲ್ಲ ನಿನಗ? ಯಾವೂರ ನಿಂದು?" ಅಂದ್ನಿ.

ಅಂವ ಧ್ವನಿ ಸಣ್ಣದು ಮಾಡಿ, "ನಿಡಸೋಸಿ ಬಾಜೂದ ಊರ್ರಿ ಅಕ್ಕಾರ" ಅಂದ.

"ಹಂಗಂದ್ರ ನಮ್ಮಾಂವನ ಅದೀಯಲ್ಲೋ. ಖರೆ ಹೇಳು, ಇದನ್ನ ಬಿಡಾಕ ಏನ ಮಾಡಬೇಕು?"

"ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ರಿ. ನಮ್ಮ ಮನ್ಯಾಗೂ ಇದ ಡಬ್ಬಿ ಐತಿ, ನಮ್ಮ ಅವ್ವ ದಿನಾ ನನಗ ಬೈತಾಳು. ಡಬ್ಬಿ ಒಯ್ಯಾಕ ಮನಷ್ಯಾನ್ನ ಕಳಸ್ತೇನಿ, ಅಂವಗ ಕೊಟ್ಟು ಚೀಟಿ ತಗೋರಿ" ಅಂದ. ಮುಂದ ಹೊಳ್ಳಿ ಸಕ್ರಿ ಧ್ವನಿ ತಗದು, "ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ ಮೇಡಂ?" ಅಂತ ಕೇಳಿದ.

ದೀಪ ಹಚ್ಚಿದ ಮ್ಯಾಲ

ಡಬ್ಬಿ ಒಯ್ಯಾಂವ ಹುಕ್ಕೇರಿಯಿಂದ ಬಂದ, ಗಾಡಿ ಮ್ಯಾಲ ಧೂಳಾಗಿ. ಬಂದದ್ದು ಶುಕ್ರಾರ, ಅದೂ ಹೊತ್ತ ಮುಳಗಿ. ನಮ್ಮ ಅತ್ತಿ ಆಗಷ್ಟ ದೇವರ ಮುಂದ ದೀಪ ಹಚ್ಚಿ ಹೊರಗ ಬಂದಿದ್ರು. ಅಂವ ಡಬ್ಬಿಗಿ ಕೈ ಹಾಕಿದ್ನೋ ಇಲ್ಲೋ, ಅತ್ತಿ ಅಡ್ಡ ನಿಂತ್ರು.

"ತಮ್ಮಾ, ದೀಪ ಹಚ್ಚಿದ ಮ್ಯಾಲ ಮನ್ಯಾಗಿನ ಸಾಮಾನ ಹೊರಗ ಕೊಡೂದಿಲ್ಲ. ಅದರಾಗ ಶುಕ್ರಾರ. ಶುಕ್ರಾರ ನಾವು ಮಗಳನ್ನ ಕಳಸೂದಿಲ್ಲ, ಇದನ್ನ ಕಳಸ್ತೇವೇನು? ನೋಡಲ್ಲಿ, ಅದೂ ದೀಪಾ ಹಚ್ಚಿಕೊಂಡ ಕುಂತೈತಿ."

ನಾ ಹಣಿ ಬಡ್ಕೊಂಡ್ನಿ. "ಅತ್ತಿ, ಅದು ಹೋದ್ರ ಸಾಕಾಗೇತ್ರಿ ನನಗ. ನನ್ನ ಕ್ಲಾಸ..."

"ಹೋಗ್ಲಿ. ನಾ ಬ್ಯಾಡನ್ನೂದಿಲ್ಲ. ಹಗಲ ಹೋಗ್ಲಿ" ಅಂದ್ರು.

ಅಂವ ಆದ್ರೂ ಜಗಳ ಮಾಡ್ತಾನೇನ ಅಂತ ನೋಡಿದ್ನಿ. ಅಂವ ಕೈ ಹಿಂದಕ ತಗೊಂಡು, "ಅಮ್ಮಾರು ಹೇಳೂದು ಬರೋಬ್ಬರಿ ಐತ್ರಿ. ನಮ್ಮ ಅಮ್ಮೀನೂ ಸಂಜಿ ನಮಾಜಿನ ಮಗ್ರಿಬ್ ಹೊತ್ತಿನ್ಯಾಗ ಬಾಜೂದವರಿಗಿ ಉಪ್ಪ ಸೈತ ಕೊಡೂದಿಲ್ಲ" ಅಂದ. ಅತ್ತಿಗಿ ಅಂವನ ಮ್ಯಾಲ ಜೀವಾ ಬಂತು. ಚಾ ಕೊಟ್ರು, ಚುರಮರಿ ಕೊಟ್ರು. ಅಂವ ತಿಂದು, ಡಬ್ಬಿಗಿ ಒಂದ ನಮಸ್ಕಾರ ಹೊಡದಂಗ ನೋಡಿ ಹೋದ.

ಮುಂದ ಬಂದದ್ದು ಮಂಗಳವಾರ. ಅದೂ ಆಗೂದಿಲ್ಲ. ಅದರ ಮುಂದ ಅಮಾಸಿ. ಅಮಾಸಿ ದಿನಾ ಅಂವ ಬಾಗಲದಾಗ ನಿಂತು, "ಅಮ್ಮಾರ, ಇವತ್ತ ಏನೈತ್ರಿ?" ಅಂತ ತಾನ ಕೇಳಿದ, ಚಾ ಕುಡದು ಹೋದ. ಅಂವನ ಹಿಂದ ಕಂಪನಿ ಮೆಸೇಜ್ ಬಂತು, ಗ್ರಾಹಕರು ಸಾಧನವನ್ನು ಹಿಂತಿರುಗಿಸಲು ನಿರಾಕರಿಸಿದ್ದಾರೆ, ಆದ್ದರಿಂದ ಬಿಲ್ ಮುಂದುವರಿಯುತ್ತದೆ ಅಂತ. ನಾ ಅದನ್ನ ಅತ್ತಿಗಿ ಓದಿ ಹೇಳಿದ್ನಿ, ಜೋರಾಗಿ, ಗಲ್ಲಿಗಿ ಕೇಳೂವಂಗ. ಅತ್ತಿ ಒಂದೀಟೂ ಬೇಜಾರ ಮಾಡ್ಕೊಳ್ಳದ, "ಪಂಚಾಂಗ ನೋಡಿ ಮನಷ್ಯಾನ್ನ ಕಳಸ್ರಿ ಅಂತ ಬರೀ ಅವರಿಗಿ" ಅಂದ್ರು.

ಇಬತ್ತಿಗಿ ದಂಡ

ನಡುವ ದಸರಾದ ಖಂಡೇಪೂಜಿ ಬಂತು. ನನ್ನ ಹೊಲಿಗಿ ಮಶೀನು, ಕತ್ತರಿ, ಟೇಪು ಎಲ್ಲಾ ತೊಳದಿಟ್ಟು ಅತ್ತಿ ಇಬತ್ತಿ ಹಚ್ಚಿದ್ರು. ಅದೂ ದುಡಿಯೂದ ಐತಿ ಅಂತ ಡಬ್ಬಿಗೂ ಮೂರ ಬೆರಳ ಎಳದು, ನಡುವ ಕುಂಕುಮ ಇಟ್ರು.

ಹುಕ್ಕೇರಿಯಾಂವ ಹೊಳ್ಳಿ ಬಂದ. ಹಗಲ ಬಂದಿದ್ದ, ವಾರಾನೂ ಛಲೋ ಇತ್ತು. ನನಗ ಖುಷಿ ಆಗಿ ಡಬ್ಬಿ ಕೈಯಾಗ ಕೊಟ್ನಿ. ಅಂವ ತಿರಗಿಸಿ ನೋಡಿ ಮಾರಿ ಸಪ್ಪಗ ಮಾಡಿದ. "ಅಕ್ಕಾರ, ಇದರ ಫೋಟೋ ತಗದ ಕಳಸಬೇಕ್ರಿ. ಇಬತ್ತಿ ತೂತಿನ್ಯಾಗ ಹೋಗೇತಿ, ಕುಂಕುಮ ಕಲಿ ಆಗೇತಿ. ಕೆಡಿಸ್ಯಾರಂತ ದಂಡ ಹಾಕ್ತಾರ್ರಿ" ಅಂದ.

ಅಲ್ಲೀತನಕ ಈ ಕಂಪನಿ ಜಗಳ ನನ್ನದೊಬ್ಬಾಕಿದ ಇತ್ತು. ಅತ್ತಿ ಕುಂತಲ್ಲಿಂದ ಎದ್ರು. "ಏನಂದಿ? ಪೂಜಿ ಮಾಡಿದ್ದಕ್ಕ ದಂಡ?" ಅಂದ್ರು. ಅಂಥಾ ಸಿಟ್ಟ ಅವರ ಮಾರಿ ಮ್ಯಾಲ ನಾ ಈ ಮನಿಗಿ ಸೊಸಿಯಾಗಿ ಬಂದಾಗಿಂದ ನೋಡಿದ್ದಿಲ್ಲ. ನನ್ನ ಅಡಗಿ ಉಪ್ಪಾದ್ರೂ ಬಂದಿದ್ದಿಲ್ಲ. "ಇಡೋ ಅದನ್ನ ಕೆಳಗ. ನಾವ ಒಯ್ದು ಕೊಡ್ತೇವಿ. ಅವರ ಆಪೀಸ ಎಲ್ಲೈತಿ?"

"ಹುಕ್ಕೇರ್ಯಾಗ ಐತ್ರಿ ಅಮ್ಮಾರ. ಆದ್ರ ಅಲ್ಲಿ ತಗೊಳ್ಳೂದಿಲ್ರಿ, ಮನಿಗಿ ಬಂದ ಒಯ್ಯಬೇಕಂತ ಒಪ್ಪಂದದಾಗ ಐತಿ."

"ತಗೋತಾರ" ಅಂದ್ರು ಅತ್ತಿ.

ಮನಿ ತುಂಬಿಸ್ಕೋರಿ

ಬುಧವಾರ ಮುಂಜಾನೆ ಎದ್ದ ನೋಡ್ತೇನಿ, ಅತ್ತಿ ಡಬ್ಬಿನ್ನ ಮಣಿ ಮ್ಯಾಲ ಕುಂಡ್ರಿಸ್ಯಾರ. ಹಸರ ಖಣ ಸುತ್ಯಾರ. ಅದರಾಗ ಅಕ್ಕಿ, ಕೊಬ್ಬರಿ ಗಿಟಕ, ಉತ್ತತ್ತಿ, ಅರಿಷಿಣ ಕೊಂಬು, ಎಲಿ ಅಡಿಕಿ ಹಾಕಿ ಉಡಿ ತುಂಬ್ಯಾರ.

"ಅತ್ತಿ, ಏನ್ರಿ ಇದು?"

"ಹೆಂಗರ ಇರಲಿ, ನಮ್ಮ ಮನ್ಯಾಗ ಇಷ್ಟ ದಿನಾ ಇತ್ತು. ಬರೀ ಉಡೀಲೆ ಕಳಸಬಾರದು" ಅಂದ್ರು. ನನಗ ಅಳೂದೋ ನಗೂದೋ ತಿಳೀಲಿಲ್ಲ.

ಬಸ್ಸಿನ್ಯಾಗ ಅತ್ತಿ ಅದನ್ನ ತೊಡಿ ಮ್ಯಾಲ ಇಟ್ಕೊಂಡ್ರು. ಕಂಡಕ್ಟರ್ ನೋಡಿ, "ಮಾರಿ ಮ್ಯಾಲಿನ ಅರಿವಿ ತಗೀರಿ ಯವ್ವಾ, ಕೂಸಿಗಿ ಉಸರ ಕಟ್ಟೀತು" ಅಂದ. ಅತ್ತಿ ಅರಿವಿ ಸ್ವಲ್ಪ ಸರಿಸಿ, ಇಬತ್ತಿ ಹಚ್ಚಿದ ಡಬ್ಬಿ ತೋರಿಸಿದ್ರು. ಕಂಡಕ್ಟರ್ ಆಮ್ಯಾಲ ನಮ್ಮ ಸೀಟಿನ ಕಡೆ ಬರಲಿಲ್ಲ.

ಆಪೀಸ ಮ್ಯಾಲಿನ ಅಟ್ಟದಾಗ ಇತ್ತು. ಮ್ಯಾನೇಜರು ಗಾಜಿನ ಮೇಜಿನ ಹಿಂದ, ಬಾಜೂಕ ಕಂಪ್ಯೂಟರ್ ಮುಂದ ಒಬ್ಬಾಕಿ ಹೆಣ್ಣಮಗಳು. "ಇಲ್ಲಿ ತೆಗೆದುಕೊಳ್ಳಲು ಬರುವುದಿಲ್ಲ ಮೇಡಂ. ನಿಯಮ ಇಲ್ಲ. ಮನೆಗೆ ಬಂದಾಗ ನೀವು ಕೊಟ್ಟಿಲ್ಲ" ಅಂದ್ರು ಮ್ಯಾನೇಜರು, ಮಾರಿ ಎತ್ತದ. ನಾ ಬಾಯಿ ತಗೀಬೇಕು, ಅತ್ತಿ ಕೈಲೆ ತಡದ್ರು. ಮುಂದ ಹೋಗಿ ಡಬ್ಬಿನ್ನ ಮೇಜಿನ ಮ್ಯಾಲ ಇಟ್ಟು, ಸೆರಗ ಸರಿ ಮಾಡ್ಕೊಂಡು ನಿಂತ್ರು. ಖಣ ಬಿಚ್ಚಿ ಅಕ್ಕಿ ಕಾಳು ಮೇಜಿನ ಮ್ಯಾಲ ಉರಳ್ಯಾಡಿದ್ವು.

ಕಂಪ್ಯೂಟರ್‌ನಾಕಿ ಎದ್ದ ನಿಂತ್ಲು. "ಸರ್, ಉಡಿ ತುಂಬ್ಯಾರ್ರಿ."

"ಏನಾತೀಗ?"

"ಉಡಿ ತುಂಬಿ ಕಳಿಸಿದಾಕಿನ್ನ ಬಾಗಲದಿಂದ ಹೊಳ್ಳಿ ಕಳಸ್ತಾರನ್ರಿ ಸರ್? ನಾ ಅಂತೂ ಮುಟ್ಟಿ ಹೊಳ್ಳಿ ಕೊಡೂದಿಲ್ರಿ. ನನಗ ಮಕ್ಕಳ ಅದಾವ."

ಮ್ಯಾನೇಜರು ತಾವ ಹೊಳ್ಳಿ ಕೊಡಾಕ ಕೈ ಚಾಚಿದ್ರು. ಕೈ ಅರ್ಧಕ್ಕ ನಿಂತಿತು. ಆಪೀಸಿನ ಧ್ವನಿ ಹೋಗಿ ನಮ್ಮ ಮೂಡಲಗಿ ಕಡೆ ಧ್ವನಿ ಬಂತು. "ಯವ್ವಾ, ಹೋದ ತಿಂಗಳ ನಮ್ಮ ತಂಗಿನ್ನ ಹಿಂಗ ಕಳಿಸೇವ್ರಿ. ಯಾಕ ಇಂಥಾದ ಮಾಡ್ತೀರಿ?"

ಅತ್ತಿ ಅಂದ್ರು, "ಹಂಗಂದ್ರ ನಿನಗ ಹೇಳಬೇಕಾಗಿಲ್ಲ. ಇನ್ನ ಇದು ನಿಮ್ಮ ಮನೀದು. ಮನಿ ತುಂಬಿಸ್ಕೋರಿ. ಹೊಂದಿಕೊಂಡ ಬಾಳ್ವಿ ಮಾಡ್ಲಿ, ನಮ್ಮ ಕಡೆ ಹೊಳ್ಳಿ ಕಳಸಬ್ಯಾಡ್ರಿ. ದಂಡ ಗಿಂಡ ಅಂದ್ರ ಹೇಳು, ನಿಮ್ಮ ಅವ್ವನ್ನ ಕಂಡ ಮಾತಾಡ್ತೇನಿ."

ಮ್ಯಾನೇಜರು ದಂಡದ ಮಾತ ಎತ್ತಲಿಲ್ಲ. ಚೀಟಿ ಕೊಟ್ರು. ಆ ಹೆಣ್ಣಮಗಳು ಅಕ್ಕಿ ಒಂದ ಕಾಳ ಬಿಡದ ಆಯ್ದು ಸೆರಗಿನ್ಯಾಗ ಕಟಗೊಂಡ್ಲು. ನಾ ಇಷ್ಟ ತಿಂಗಳ ಒದರಿ ಒದರಿ ಗಂಟಲ ಹರಕೊಂಡಿದ್ನಿ, ಅತ್ತಿ ಒಂದ ಖಣದಾಗ ಮುಗಿಸಿದ್ರು. ಆ ಚೀಟಿ ನೋಡಿದ ದಿನಾನ ಕೇಬಲ್‌ನಾಂವ ವೈರ್ ಎಳದ.

ಈಗ ಕ್ಲಾಸ ನಿಂದ್ರೂದಿಲ್ಲ. ಬ್ಯಾರೆ ಕಡೆ ಹೋಗ್ತೇವಂದವರೂ ಹೊಳ್ಳಿ ಬಂದಾರ. ಮೊನ್ನೆ ಸಂಜೀಕ ಮಸಗುಪ್ಪಿಯಾಕಿ ಹೊಸಾ ಕುಬಸ ಹಿಡದು, "ಅಕ್ಕಾರ, ಬೆನ್ನ ಐತ್ರಿ" ಅಂತ ತಿರಗಿಸಿ ತೋರಸಾಕತ್ತಿದ್ಲು. ಬಾಗಲದಾಗ ಗಾಡಿ ನಿಂತ ಸಪ್ಪಳಾತು. ನೋಡಿದ್ರ ನಮ್ಮ ಹುಕ್ಕೇರಿಯಾಂವ.

"ಅಕ್ಕಾರ, ಡಬ್ಬಿ ಒಯ್ಯಾಕ ಕಂಪನಿಯವರು ಕಳಿಸ್ಯಾರ್ರಿ" ಅಂದ.

ನನ್ನ ಸಿಟ್ಟ ನೆತ್ತಿಗೇರಿತು. ಚೀಟಿ ಎಲ್ಲಿಟ್ನಿ ಅಂತ ಹುಡಕಾಕ ಹೋದ್ನಿ. ಅಷ್ಟ್ರಾಗ ಅತ್ತಿ ದೇವರ ಮುಂದ ದೀಪ ಹಚ್ಚಿ, ಕೈ ವರಿಸ್ಕೊಂತ ಹೊರಗ ಬಂದ್ರು.

"ಬಾ ತಮ್ಮಾ, ಚಾ ಕುಡಿ. ಅದು ಗಂಡನ ಮನಿಗಿ ಹೋತು, ನಿಮ್ಮ ಹುಕ್ಕೇರ್ಯಾಗ ಐತಿ. ಕರ್ಯಾಕ ಹೋಗಾಂವಿದ್ರ ಇವತ್ತ ಹೋಗಬ್ಯಾಡ ಮತ್ತ, ಶುಕ್ರಾರ ಐತಿ."