ಬಾಯಿಗೆ ಬಾರದ ಎಲ್ಸ್‌ಪೆತ್

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಸೂಜಿ ಚುಚ್ಚುವಾಗ ನನ್ನ ಕೈ ಎಂದೂ ನಡುಗಿದ್ದಿಲ್ಲ. ಫಜೀತಿಯೆಲ್ಲ ನಾಲಿಗೆಯದು, ಅದು ಒಂದಲ್ಲ ಒಂದು ಕಡೆ ಕೈಕೊಡುತ್ತಲೇ ಇರುತ್ತದೆ.

೧. ಆಂಟಿ

ಏಳನೇ ಕೋಣೆಯಲ್ಲಿ ಎಂಬತ್ತೊಂಬತ್ತರ ಎಲ್ಸ್‌ಪೆತ್ ಇದ್ದರು. ಮೊದಲ ದಿನ "ಗುಡ್ ಮಾರ್ನಿಂಗ್, ಆಂಟಿ" ಅಂದೆ. ಗೋಡೆಯ ಕಡೆ ತಿರುಗಿದರು. "ಆಂಟಿ, ಮಾತ್ರೆ." ಉತ್ತರವಿಲ್ಲ. ಕಿವಿ ಮಂದವೇನೋ ಎಂದು ಪರೀಕ್ಷೆ ಮಾಡಿಸಿದೆ. ನನ್ನ ಕಿವಿಗಿಂತ ಚುರುಕಾಗಿತ್ತು.

"ನಾನು ಯಾರ ಆಂಟಿಯೂ ಅಲ್ಲ," ಎಂದರು ಕೊನೆಗೆ. "ಗಂಡ ಹೋದ, ಗೆಳತಿಯರು ಹೋದರು. ಹೆಸರು ಹಿಡಿದು ಕರೆಯೋಕೆ ಇನ್ನು ನೀವು ನರ್ಸುಗಳೇ. ನೀವೂ ಕರೆಯದಿದ್ದರೆ ಆ ಹೆಸರು ನನಗೇ ಮರೆತುಹೋಗುತ್ತೆ."

"ಖಂಡಿತ ಕರೀತೀನಿ, ಆಂಟಿ" ಅಂದೆ.

೨. ಅತ್ತೆಯ ಹೆಸರು

ಒಂದು ದಿನ ನನ್ನ ಕಷ್ಟ ಹೇಳಿಕೊಂಡೆ. ನಮ್ಮ ಹುಬ್ಬಳ್ಳಿ ಮನೆಯಲ್ಲಿ ಹಿರಿಯರ ಹೆಸರು ಎತ್ತುವಂತಿಲ್ಲ. ಮಗಳಿಗೆ ಅತ್ತೆಯ ಹೆಸರಿಟ್ಟೆವು, ಹಾಗಾಗಿ ನನಗೆ ಅವಳು ಬರೀ ಪುಟ್ಟಿ. ಶಾಲೆಗೆ ಸೇರಿಸುವಾಗ ಕಚೇರಿಯಾಕೆ ಹೆಸರು ಕೇಳಿದಳು. ನಾನು ಮಾತಾಡದೆ ಪೆನ್ನು ಇಸಿದುಕೊಂಡು ಬರೆದು ತೋರಿಸಿದೆ. ಪಾಪ, ಆಕೆ ಉಳಿದ ಪ್ರಶ್ನೆಗಳನ್ನೆಲ್ಲ ಕೈಸನ್ನೆಯಲ್ಲೇ ಕೇಳಿದಳು.

ಎಲ್ಸ್‌ಪೆತ್ ನಗಲಿಲ್ಲ. "ನನ್ನದೂ ಅಜ್ಜಿಯ ಹೆಸರೇ. ಎಲಿಜಬೆತ್ ಅನ್ನೋದನ್ನು ಸ್ಕಾಟ್ಲೆಂಡಿನವರು ಎಲ್ಸ್‌ಪೆತ್ ಮಾಡಿಕೊಂಡರು. ಮೊದಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರಿಡೋದು ನಮ್ಮ ಪದ್ಧತಿ. ಅಜ್ಜಿಯ ಊರಲ್ಲಿ ಈ ಹೆಸರು ಕೂಗಿದರೆ ನಾಲ್ಕು ಮನೆಯಿಂದ ಓಗೊಡುತ್ತಿದ್ದರಂತೆ. ನನಗೆ ಹೆಣ್ಣುಮಕ್ಕಳಿಲ್ಲ. ಇಲ್ಲಿ ಓಗೊಡೋಕೆ ಈಗ ನಾನೊಬ್ಬಳೇ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಾನೇನು ನಿನ್ನ ಅತ್ತೆಯೇ?"

೩. ಹೆಸರು ಬಂದದ್ದು

ಮನೆಯಲ್ಲಿ ಪಾತ್ರೆ ತೊಳೆಯುತ್ತ ಅವರ ಹೆಸರು ಹೇಳುವ ಅಭ್ಯಾಸ ಮಾಡಿದೆ. "ಮಮ್ಮಿ, ಜಸ್ಟ್ ಸೇ ಇಟ್!" ಎಂದಳು ಪುಟ್ಟಿ. ಸಿಂಕಿನ ಮುಂದೆ ಸಲೀಸಾಗಿ ಬರುತ್ತಿತ್ತು. ಏಳನೇ ಕೋಣೆಗೆ ಹೋದರೆ ಹಿಂದೆಯೇ ಒಂದು ಆಂಟಿ ಅಂಟಿಕೊಳ್ಳುತ್ತಿತ್ತು.

ಹೋದ ಚಳಿಗಾಲ ಅವರಿಗೆ ಎದೆಯ ಸೋಂಕಾಯಿತು. ಒಂದು ಬೆಳಿಗ್ಗೆ ಕಣ್ಣು ತೆರೆಯಲಿಲ್ಲ. "ಆಂಟಿ! ಆಂಟಿ!" ಎಂದು ಭುಜ ಅಲುಗಿಸಿದೆ. ಊಹೂಂ. ಹೆದರಿಕೆಯಲ್ಲಿ ಸಂಪ್ರದಾಯ, ಅತ್ತೆ ಎಲ್ಲ ಮರೆತು ಕೂಗಿದೆ: "ಎಲ್ಸ್‌ಪೆತ್!"

ಮೆಲ್ಲಗೆ ಕಣ್ಣು ತೆರೆದರು. ಅವರ ಕೈ ಹಿಡಿದು ಅತ್ತೇಬಿಟ್ಟೆ.

ಅವರು ನನ್ನನ್ನೇ ನೋಡುತ್ತ, ಇದ್ದಷ್ಟು ಉಸಿರು ಕೂಡಿಸಿಕೊಂಡು ಕೇಳಿದರು: "ಹಿರಿಯರನ್ನು ಹೀಗೆ ಹೆಸರು ಹಿಡಿದು ಕೂಗೋದೇ? ಆಂಟಿ ಎಲ್ಲಿ ಹೋಯಿತು?"